ಬೀಗದ ಕೈ ಯಾರ ಹೆಗಲ ಮೇಲೆ?



ನಿಮ್ಮ ಮನೆಯ ಬೀರುವಿನ ಬೀಗದ ಕೈ ಎಲ್ಲಿರುತ್ತದೆ ಎಂಬುದು ಮನೆಯಲ್ಲಿ ಎಷ್ಟು ಜನರಿಗೆ ಗೊತ್ತು? ಗಾಬರಿಯಾಗಬೇಡಿ, ಇದನ್ನು ಕೇಳುತ್ತಿರುವವನು ಧರ್ಮಗುರು, ಕಳ್ಳನಲ್ಲ.

ನಮ್ಮ ಅಜ್ಜಿಯ ಕಾಲದಲ್ಲಿ ಮನೆಯ ಯಜಮಾನಿ ಯಾರೆಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಯಾರು ನಡೆದರೆ ಸೊಂಟದಲ್ಲಿ ಸಿಕ್ಕಿಸಿದ ಬೀಗದ ಕೈ ಗೊಂಚಲು ಝಣಝಣ ಎನ್ನುತ್ತಿತ್ತೋ ಅವರೇ ಯಜಮಾನಿ. ಅಕ್ಕಿಯ ಕೋಣೆ, ಬೆಲ್ಲದ ಡಬ್ಬ, ಹಬ್ಬದ ಸೀರೆಯ ಪೆಟ್ಟಿಗೆ ಎಲ್ಲವೂ ಆ ಗೊಂಚಲಿನಲ್ಲಿ ತೂಗುತ್ತಿದ್ದವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆಯೇನೋ ಇದೆ. ಆದರೆ ಆ ಗೊಂಚಲು ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ದಾಟುತ್ತಿದ್ದುದು ಬಹಳ ಮನೆಗಳಲ್ಲಿ ಅತ್ತೆ ಕಣ್ಣು ಮುಚ್ಚಿದ ಮೇಲೆಯೇ. ಕೆಲವೊಮ್ಮೆ ಅದನ್ನು ತಲೆದಿಂಬಿನ ಕೆಳಗಿನಿಂದ ಹುಡುಕಿ ತೆಗೆಯಬೇಕಾಗುತ್ತಿತ್ತು.

ನಾಯಕ ಎಂದೊಡನೆ ನಮಗೆ ನೆನಪಾಗುವುದು ಚುನಾವಣೆ, ವೇದಿಕೆ, ಹಾರ, ಮೈಕು. ನಾಯಕರೆಂದರೆ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಇರುವವರು, ಅವರು ಕೆಟ್ಟಿರುವುದರಿಂದಲೇ ಲೋಕ ಕೆಟ್ಟಿದೆ ಎಂದು ಹೇಳಿ ನಾವು ಚಹಾ ಕುಡಿದು ಎದ್ದುಬಿಡುತ್ತೇವೆ. ಶ್ರೀಗ್ರಂಥ ಅಷ್ಟು ಸುಲಭವಾಗಿ ನಮ್ಮನ್ನು ಬಿಡುವುದಿಲ್ಲ. ನಾಯಕತ್ವದ ಮಾತು ಬಂದಾಗ ಅದು ತೋರಿಸುವ ವಸ್ತುಗಳಲ್ಲಿ ಒಂದು ಇದೇ ಬೀಗದ ಕೈ, ನಿಮ್ಮ ನನ್ನ ಕೈಯಲ್ಲಿಯೂ ಇರುವಂಥದ್ದು.

ಮೂರು ವರ್ಷಗಳ ಪಾಠಾವಳಿಯ ಮೊದಲನೆಯ ವರ್ಷದಲ್ಲಿ, ಸಾಧಾರಣ ಕಾಲದ ಇಪ್ಪತ್ತೊಂದನೆಯ ಭಾನುವಾರ, ಧರ್ಮಸಭೆ ಎರಡು ವಾಚನಗಳನ್ನು ಒಟ್ಟಿಗಿಟ್ಟು ನಮಗೆ ಓದಿಸುತ್ತದೆ. ಶುಭಸಂದೇಶದಲ್ಲಿ ಯೇಸುಸ್ವಾಮಿ ಪೇತ್ರನಿಗೆ ಸ್ವರ್ಗಸಾಮ್ರಾಜ್ಯದ ಬೀಗದ ಕೈಗಳನ್ನು ಕೊಡುವ ಪ್ರಸಂಗ. ಅದು ಎಲ್ಲರಿಗೂ ಗೊತ್ತು. ಆದರೆ ಮೊದಲನೆಯ ವಾಚನ ಯೆಶಾಯನ ಗ್ರಂಥದ 22ನೆಯ ಅಧ್ಯಾಯದ್ದು. ಅದನ್ನು ಓದಿ ಮುಗಿಸಿದ ಮೇಲೆ, ಅದರಲ್ಲಿ ಕೆಲಸ ಕಳೆದುಕೊಂಡವನ ಹೆಸರೇನು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅವನ ಹೆಸರು ಶೆಬ್ನ.

ಶೆಬ್ನ ಅರಸ ಹಿಜ್ಕೀಯನ ಅರಮನೆಯ ಮೇಲ್ವಿಚಾರಕ. ಅರಸನ ನಂತರ ಅರಮನೆಯಲ್ಲಿ ಅವನದೇ ಮಾತು. ಅದೇ ಅಧ್ಯಾಯದ ಮೊದಲ ಭಾಗದಲ್ಲಿ ಜೆರುಸಲೇಮಿನ ಸ್ಥಿತಿ ಹೇಗಿದೆ ನೋಡಿ: ಕೋಟೆಯ ಗೋಡೆಯಲ್ಲಿ ಬಿರುಕುಗಳು, ಗೋಡೆ ಭದ್ರಪಡಿಸಲು ಕಲ್ಲು ಸಾಲದೆ ಜನರ ಮನೆಗಳನ್ನೇ ಎಣಿಸಿ ಕೆಡವುವ ಗಡಿಬಿಡಿ, ನೀರು ಸಂಗ್ರಹಿಸುವ ಆತುರ. ಇಂಥ ನಗರದಲ್ಲಿ ಶೆಬ್ನ ಏನು ಮಾಡುತ್ತಿದ್ದ? ಎತ್ತರದ ಬಂಡೆಯಲ್ಲಿ ತನಗೊಂದು ಸಮಾಧಿ ಕೊರೆಸುತ್ತಿದ್ದ. ಮೆರೆಯಲು ಅವನಿಗೆ ರಥಗಳೂ ಇದ್ದವು. ಊರಿನ ಗೋಡೆಗೆ ಕಲ್ಲಿಲ್ಲ, ಶೆಬ್ನನ ಹೆಸರಿಗೆ ಇಡೀ ಬಂಡೆಯೇ ಇದೆ! ಪ್ರವಾದಿ ಅವನ ಮುಂದೆಯೇ ಹೋಗಿ ನಿಂತು, ಇಲ್ಲಿ ನಿನಗೇನು ಕೆಲಸ, ನಿನ್ನವರು ಯಾರಿದ್ದಾರೆ ಎಂದು ಕೇಳುತ್ತಾನೆ. ಅಧಿಕಾರದಲ್ಲಿ ಇದ್ದವರಿಗೆ ಇಷ್ಟು ನೇರವಾಗಿ ಮಾತನಾಡುವವರು ಎಲ್ಲ ಕಾಲದಲ್ಲೂ ವಿರಳ.

ಈಗ ಸ್ವಲ್ಪ ನಮ್ಮ ದೇವಾಲಯಗಳ ಗೋಡೆಗಳ ಕಡೆ ತಿರುಗೋಣ. ಬೆಂಚಿನ ಬೆನ್ನಿಗೆ ಹೆಸರು, ಫ್ಯಾನಿನ ರೆಕ್ಕೆಗೆ ಹೆಸರು, ಟ್ಯೂಬ್‌ಲೈಟಿನ ಮೇಲೆ ಬೆಳಕೇ ಕಾಣದಷ್ಟು ದಪ್ಪ ಅಕ್ಷರದಲ್ಲಿ ಹೆಸರು. ದಾನಿಗಳನ್ನು ದೂರುತ್ತಿಲ್ಲ. ಅಮೃತಶಿಲೆಯ ಫಲಕದಲ್ಲಿ "ಇವರ ಸೇವಾವಧಿಯಲ್ಲಿ" ಎಂದು ತಮ್ಮ ಹೆಸರನ್ನು ಎಲ್ಲರಿಗಿಂತ ಮೇಲೆ ಕೆತ್ತಿಸಿಕೊಂಡವರಲ್ಲಿ ನಮ್ಮ ನಿಲುವಂಗಿಯವರೂ ಇದ್ದೇವೆ.

ಶೆಬ್ನನ ಸ್ಥಾನಕ್ಕೆ ದೇವರು ಎಲ್ಯಾಕೀಮನನ್ನು ಕರೆಯುತ್ತಾರೆ. ದಾವೀದನ ಮನೆತನದ ಬೀಗದ ಕೈಯನ್ನು ಅವನ ಹೆಗಲ ಮೇಲೆ ಇಡುತ್ತೇನೆ ಎನ್ನುತ್ತಾರೆ. ಹೆಗಲ ಮೇಲೆ ಎಂಬುದನ್ನು ಗಮನಿಸಿ. ನಮ್ಮ ಕಾಲದ ಬೀಗದ ಕೈ ಕಿಸೆಯಲ್ಲಿ ಅಡಗುತ್ತದೆ. ಆ ಕಾಲದ ಅರಮನೆಯ ಬಾಗಿಲಿನ ಕೀಲಿ ಮರದಿಂದ ಮಾಡಿದ, ಹೊತ್ತುಕೊಂಡು ಹೋಗಬೇಕಾದಷ್ಟು ದೊಡ್ಡ ವಸ್ತು. ಅದನ್ನು ಬಚ್ಚಿಡಲು ಬರುವುದಿಲ್ಲ. ಹೊತ್ತವನ ಹೆಗಲು ನೋಯುತ್ತದೆ, ಊರಿಗೆಲ್ಲ ಅದು ಕಾಣುತ್ತದೆ. ಕನ್ನಡದಲ್ಲಿ ನಾವೂ "ಮನೆಯ ಭಾರ ಅವನ ಹೆಗಲ ಮೇಲಿದೆ" ಎನ್ನುತ್ತೇವೆಯೇ ಹೊರತು ಅವನ ಕಿಸೆಯಲ್ಲಿದೆ ಎನ್ನುವುದಿಲ್ಲ. ಇನ್ನೊಂದು ಮಾತನ್ನೂ ದೇವರು ಸೇರಿಸುತ್ತಾರೆ: ಎಲ್ಯಾಕೀಮನು ಜೆರುಸಲೇಮಿನ ಜನರಿಗೆ ತಂದೆಯಂತೆ ಇರುವನು.

ಭಾನುವಾರದ ವಾಚನ ಗೂಟದ ಮಾತಿಗೆ ಬಂದು ನಿಲ್ಲುತ್ತದೆ. ಆದರೆ ನೀವು ಮನೆಗೆ ಹೋಗಿ ಬೈಬಲ್ ತೆರೆದು ಮುಂದಿನ ಸಾಲುಗಳನ್ನೂ ಓದಿ. ಎಲ್ಯಾಕೀಮ ಗೋಡೆಗೆ ಬಲವಾಗಿ ಹೊಡೆದ ಗೂಟದಂತೆ. ಬಟ್ಟಲಿನಿಂದ ಹೂಜಿಯವರೆಗೆ, ಮನೆತನದ ಚಿಕ್ಕದು ದೊಡ್ಡದು ಎಲ್ಲವನ್ನೂ ಅದೊಂದೇ ಗೂಟಕ್ಕೆ ತೂಗುಹಾಕುತ್ತಾರೆ. ಕೊನೆಗೊಂದು ದಿನ ಆ ಗೂಟವೂ ಕಳಚಿ ಬೀಳುತ್ತದೆ, ತೂಗಿದ್ದೆಲ್ಲ ನೆಲಕ್ಕೆ. ಶೆಬ್ನನಂಥ ಸ್ವಾರ್ಥಿ ಮಾತ್ರ ಅಪಾಯ ಎಂದುಕೊಂಡಿದ್ದ ನನಗೆ ಈ ಸಾಲುಗಳು ಬಹಳ ದಿನ ನಿದ್ದೆಗೆಡಿಸಿದವು. ಎಲ್ಲವನ್ನೂ ತನ್ನೊಬ್ಬನ ಮೇಲೆ ತೂಗಿಸಿಕೊಂಡ ಒಳ್ಳೆಯವನೂ ಒಂದು ದಿನ ಊರನ್ನು ಬೀಳಿಸಬಲ್ಲ.

ಏಕೆ ನಿದ್ದೆಗೆಡಿಸಿದವು ಎಂಬುದನ್ನು ಹೇಳಿಯೇ ಬಿಡುತ್ತೇನೆ.

ಗುರುದೀಕ್ಷೆಯಾದ ಕೆಲವು ವರ್ಷಗಳಿಗೆ ನನ್ನನ್ನು ಮೊದಲ ಬಾರಿ ಒಂದು ಧರ್ಮಕೇಂದ್ರದ ಹೊಣೆಗೆ ಕಳುಹಿಸಿದರು. ಬಯಲುಸೀಮೆಯ ಊರು, ಸುತ್ತ ಆರು ಹಳ್ಳಿಗಳು. ಮೊಬೈಲ್ ಫೋನು ಇನ್ನೂ ಬಾರದ ಕಾಲ. ನಾನು ಹುರುಪಿನ ಮನುಷ್ಯ. ಹೋದ ತಿಂಗಳೊಳಗೆ ಎಲ್ಲ ಬೀಗಗಳನ್ನೂ ಬದಲಾಯಿಸಿದೆ. ದೇವಾಲಯದ ಮುಂಬಾಗಿಲು, ಪೂಜಾವಸ್ತ್ರಗಳ ಕೋಣೆ, ಪರಮ ಪ್ರಸಾದದ ಪೆಟ್ಟಿಗೆ, ಕಾಣಿಕೆ ಡಬ್ಬಿ, ಗಂಟೆಯ ಹಗ್ಗವಿದ್ದ ಕೋಣೆ, ಪಂಪ್‌ಸೆಟ್ಟಿನ ಕೋಣೆ, ಸ್ಮಶಾನದ ಗೇಟು, ಮೈಕ್ ಸೆಟ್ಟಿನ ಕಪಾಟು ಎಲ್ಲ ಸೇರಿ ಹದಿನೇಳು ಬೀಗದ ಕೈಗಳು. ಅವು ನನ್ನ ನಿಲುವಂಗಿಯ ಕಿಸೆಯಲ್ಲೇ ಇರುತ್ತಿದ್ದವು. ನಾನು ನಡೆದರೆ ನಮ್ಮಜ್ಜಿ ನಡೆದ ಹಾಗೆ ಸದ್ದಾಗುತ್ತಿತ್ತು. ಜನ "ನಮ್ಮ ಸ್ವಾಮಿಗಳು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಾರೆ" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಹಿತವಾಗಿತ್ತು.

ಅಲ್ಲಿ ಒಬ್ಬ ಹಿರಿಯ ಉಪದೇಶಿಗಳಿದ್ದರು. ಹಲವು ಧರ್ಮಗುರುಗಳನ್ನು ಕಂಡವರು. ಕಾಯಿಲೆಯವರಿಗೆ ಪರಮ ಪ್ರಸಾದ ಕೊಂಡೊಯ್ಯಲು ಧರ್ಮಾಧ್ಯಕ್ಷರು ಅವರಿಗೆ ಬರವಣಿಗೆಯಲ್ಲಿ ಅನುಮತಿ ಕೊಟ್ಟಿದ್ದರು. ಆ ಪತ್ರವನ್ನು ನಾನು ಓದಿದ್ದೆ, ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದೆ, ಬೀಗ ಹಾಕಿದ್ದೆ. ವಯಸ್ಸಾದವರು, ಬೀಗದ ಕೈಯನ್ನು ಎಲ್ಲಾದರೂ ಇಟ್ಟು ಮರೆತರೆ ಎಂಬುದು ನನ್ನ ನೆಪ. ನಿಜವಾದ ಕಾರಣ ಅದಾಗಿರಲಿಲ್ಲ ಎಂದು ಈಗ ಗೊತ್ತು. ಒಂದು ಮಳೆಗಾಲ ಗುರುಗಳ ಸಭೆಗೆಂದು ಮೂರು ದಿನ ನಗರಕ್ಕೆ ಹೋದೆ. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಗೊಂಚಲು ಎಂದಿನಂತೆ ನನ್ನ ಕಿಸೆಯಲ್ಲಿ.

ಎರಡನೆಯ ರಾತ್ರಿ ಊರಿನಲ್ಲಿ ಕಲ್ಲುಕೆಲಸ ಮಾಡಿ ಬದುಕಿದ್ದ ಹಿರಿಯರೊಬ್ಬರು ಹಾಸಿಗೆಯಲ್ಲಿ ಕೊನೆಗೊಂಡರು. ಆ ದೇವಾಲಯದ ಅಡಿಪಾಯಕ್ಕೆ ಹುಡುಗನಾಗಿದ್ದಾಗ ಕಲ್ಲು ಹೊತ್ತವರು. ಪರಮ ಪ್ರಸಾದ ಬೇಕೆಂದು ಕೇಳಿದರು. ಪಕ್ಕದ ಧರ್ಮಕೇಂದ್ರದ ಗುರುಗಳಿಗೆ ಹೇಳಿಕಳುಹಿಸಲು ಬೆಳಗಾಗಬೇಕಿತ್ತು. ಉಪದೇಶಿಗಳು ಲಾಟೀನು ಹಿಡಿದು ಮಳೆಯಲ್ಲಿ ದೇವಾಲಯಕ್ಕೆ ಬಂದರು. ಬೀಗದ ಕೈ ಇಲ್ಲವೆಂದು ಗೊತ್ತಿದ್ದೂ ಬಂದರು. ಬಾಗಿಲ ಮುಂದೆ ನಿಂತರು. ಬೀಗ ಒಡೆಯೋಣ ಎಂದು ಜೊತೆಗಿದ್ದ ಹುಡುಗ ಹೇಳಿದನಂತೆ. ಸ್ವಾಮಿಗಳು ಏನೆಂದುಕೊಳ್ಳುತ್ತಾರೋ ಎಂದು ಅವರಿಗೆ ಧೈರ್ಯ ಬರಲಿಲ್ಲ. ಹಿಂದಿರುಗಿ ಹೋಗಿ ಶಿಲುಬೆಯನ್ನು ಮುತ್ತಿಡಿಸಿ, ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಸಿ, ಯೇಸುವನ್ನು ಮನಸ್ಸಿನಲ್ಲೇ ಬರಮಾಡಿಕೊಳ್ಳಿ ಎಂದು ಕಿವಿಯಲ್ಲಿ ಹೇಳಿದರು. ಬೆಳಗಿನ ಜಾವ ಅವರು ತೀರಿಕೊಂಡರು. ಗಂಟೆಯ ಕೋಣೆಗೂ ಬೀಗ ಇದ್ದುದರಿಂದ ಸಾವಿನ ಗಂಟೆಯೂ ಬಾರಿಸಲಿಲ್ಲ.

ಸುದ್ದಿ ಸಿಕ್ಕಿ ನಾನು ಬಂದದ್ದು ಸಂಜೆಯ ಬಸ್ಸಿಗೆ. ಸ್ಮಶಾನದ ಗೇಟಿನ ಹೊರಗೆ ಜನ ನಿಂತಿದ್ದರು. ಕಿಸೆಯಿಂದ ಗೊಂಚಲು ತೆಗೆದು ಬೀಗ ತೆಗೆಯುವಾಗ ಅದರ ಸದ್ದು ನನಗೇ ಕೇಳಲಾಗಲಿಲ್ಲ. ಮಣ್ಣಾದ ಮೇಲೆ ಉಪದೇಶಿಗಳು ನನ್ನ ಜೊತೆ ಬಂಗಲೆಯವರೆಗೆ ಬಂದರು. ಬೈಯಲಿಲ್ಲ. ನಾನೇ ಕೇಳಿದೆ, ಕೊನೆಯಲ್ಲಿ ಅವರು ಏನಾದರೂ ಹೇಳಿದರೇ ಎಂದು.

"ಸ್ವಾಮಿ ಬಂದ್ರಾ ಅಂತ ಕೇಳ್ಲಿಲ್ಲ, ಸ್ವಾಮಿ," ಎಂದರು ಅವರು. "ಬೀಗ ತೆಗೆದ್ರಾ ಅಂತ ಕೇಳಿದ್ರು. ಎರಡು ಸಾರಿ."

ದೇವರ ಕೃಪೆಗೆ ಬೀಗ ಹಾಕುವ ಶಕ್ತಿ ಯಾವ ಧರ್ಮಗುರುವಿಗೂ ಇಲ್ಲ, ಆ ಹಿರಿಯರು ದೇವರ ಬಳಿ ಇದ್ದಾರೆಂದು ನಾನು ನಂಬುತ್ತೇನೆ. ಆದರೆ ಆ ನಂಬಿಕೆ ಅವರಿಗೆ ಸಂಬಂಧಿಸಿದ್ದು. ನನ್ನ ತಪ್ಪನ್ನು ಅದರಿಂದ ಮುಚ್ಚಿಕೊಳ್ಳಲು ಬರುವುದಿಲ್ಲ. ಪರಮ ಪ್ರಸಾದದ ಪೆಟ್ಟಿಗೆಯ ಬೀಗದ ಕೈಯನ್ನು ಅತ್ಯಂತ ಜಾಗರೂಕತೆಯಿಂದ ಕಾಪಾಡಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯೇ ಹೇಳುತ್ತದೆ, ಅದು ಸರಿಯೇ. ಆದರೆ ಕಾಪಾಡುವುದು ಬೇರೆ, ಕಿಸೆಯಲ್ಲಿಟ್ಟುಕೊಂಡು ಬಸ್ ಹತ್ತುವುದು ಬೇರೆ.

ಆ ರಾತ್ರಿ ಬೈಬಲ್ ತೆರೆದಾಗ ನಾನು ಹುಡುಕಿದ್ದು ವಿಮೋಚನಾಕಾಂಡದ 18ನೆಯ ಅಧ್ಯಾಯವನ್ನು. ಮೋಶೆಯ ಮಾವ ಇತ್ರೋ, ಮಗಳು ಸಿಪ್ಪೋರಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು ಅರಣ್ಯದ ಪಾಳೆಯಕ್ಕೆ ಬರುತ್ತಾನೆ. ಬಂದ ದಿನ ಕುಶಲ, ಊಟ. ಮರುದಿನ ಅಳಿಯನ ಕೆಲಸ ನೋಡುತ್ತಾ ಕೂರುತ್ತಾನೆ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದಾನೆ. ನಾವಾಗಿದ್ದರೆ, ಆಹಾ, ಎಂಥ ಸೇವೆ, ಊಟವನ್ನೂ ಬಿಟ್ಟು ದುಡಿಯುತ್ತಾರಲ್ಲ ಎನ್ನುತ್ತಿದ್ದೆವು. ಇತ್ರೋನ ಕಣ್ಣು ಬೇರೆ ಕಡೆಗೂ ಹೋಯಿತು. ಕುಳಿತವನನ್ನು ಮಾತ್ರವಲ್ಲ, ಅವನ ಸುತ್ತ ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದ ಜನರನ್ನೂ ಅವನು ನೋಡಿದ. ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀ, ಈ ಜನರೂ ಬಳಲುತ್ತಾರೆ ಎಂದ. ಕೆಲಸಗಾರ ನಾಯಕನನ್ನು ನೋಡಿ ನಾವು ಮರುಗುತ್ತೇವೆ. ಅವನ ಒಂದು ಸಹಿಗಾಗಿ, ಒಂದು ಮಾತಿಗಾಗಿ ಬಿಸಿಲಿನಲ್ಲಿ ಕಾಯುವವರ ಲೆಕ್ಕ ಯಾರೂ ಇಡುವುದಿಲ್ಲ.

ಇತ್ರೋ ಕೊಟ್ಟ ಉಪಾಯ ನಿಮಗೆ ಗೊತ್ತು. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರಂತೆ ಮುಖಂಡರನ್ನು ನೇಮಿಸು. ದೊಡ್ಡ ವಿಷಯ ಮಾತ್ರ ನಿನ್ನ ಬಳಿ ಬರಲಿ. ಅಂಥವರಿಗೆ ಇರಬೇಕಾದ ಗುಣಗಳನ್ನೂ ಹೇಳಿದ: ಸಮರ್ಥರು, ದೇವರಿಗೆ ಹೆದರುವವರು, ನಂಬಿಕೆಗೆ ಯೋಗ್ಯರು, ಲಂಚವನ್ನು ದ್ವೇಷಿಸುವವರು. ಲಂಚ ಮುಟ್ಟದವರು ಎಂದಷ್ಟೇ ಹೇಳಲಿಲ್ಲ, ದ್ವೇಷಿಸುವವರು ಎಂದ. ಇತ್ರೋ ಇಸ್ರಯೇಲನಲ್ಲ, ಮಿದ್ಯಾನಿನ ಯಾಜಕ. ಸೀನಾಯಿ ಬೆಟ್ಟದ ಮೇಲೆ ದೇವರೊಡನೆ ಮಾತನಾಡಲಿದ್ದ ಮೋಶೆ ಹೊರಗಿನವನೊಬ್ಬನ, ಅದೂ ಹೆಂಡತಿಯ ತಂದೆಯ ಮಾತು ಕೇಳಿ ಹಾಗೆಯೇ ಮಾಡಿದ. ಮಾವನ ಬುದ್ಧಿವಾದ ಕೇಳುವ ಅಳಿಯಂದಿರು ನಮ್ಮ ಸೀಮೆಯಲ್ಲಿ ಎಷ್ಟು ಜನರಿದ್ದಾರೋ ನೀವೇ ಎಣಿಸಿಕೊಳ್ಳಿ. ಇತ್ರೋನನ್ನೂ ಮೆಚ್ಚಬೇಕು: ಹೇಳುವುದನ್ನು ಹೇಳಿ ತನ್ನ ಊರಿಗೆ ಹೊರಟುಹೋದ, ಅಳಿಯನ ಪಾಳೆಯದಲ್ಲಿ ಸಲಹೆಗಾರನಾಗಿ ತಳವೂರಲಿಲ್ಲ.

ಬೀಗದ ಕೈ ಪಡೆದ ಪೇತ್ರನ ವಿಷಯಕ್ಕೆ ಬರೋಣ. ಸಂತ ಮತ್ತಾಯನ ಅದೇ 16ನೆಯ ಅಧ್ಯಾಯದಲ್ಲಿ, ಕೆಲವೇ ಸಾಲುಗಳ ಕೆಳಗೆ, ಶಿಲುಬೆಯ ದಾರಿಗೆ ಅಡ್ಡ ಬಂದ ಇದೇ ಪೇತ್ರನನ್ನು ಯೇಸುಸ್ವಾಮಿ ಸೈತಾನನೆಂದು ಗದರಿಸುತ್ತಾರೆ. ಮುಂದೆ ಅಂತಿಯೋಕ್ಯದಲ್ಲಿ ಸಂತ ಪೌಲರು ಎಲ್ಲರೆದುರಿಗೆ ಅವರನ್ನು ಪ್ರತಿಭಟಿಸುತ್ತಾರೆ. ಇವೆರಡನ್ನೂ ಧರ್ಮಸಭೆ ಅಳಿಸಿ ಹಾಕಲಿಲ್ಲ, ಬಲಿಪೂಜೆಯ ವಾಚನಗಳಲ್ಲಿ ಗಟ್ಟಿಯಾಗಿ ಓದಿಸುತ್ತದೆ. ಮತ್ತೆ ಆ ಬೀಗದ ಕೈಯಿಂದ ಪೇತ್ರರು ಏನು ಮಾಡಿದರು? ಪ್ರೇಷಿತರ ಕಾರ್ಯಕಲಾಪಗಳ 10ನೆಯ ಅಧ್ಯಾಯದಲ್ಲಿ ಕೊರ್ನೇಲಿಯ ಎಂಬ ಅನ್ಯಜನಾಂಗದ ಶತಾಧಿಪತಿಯ ಮನೆಗೆ ಹೋದರು, ಅವನಿಗೂ ಮನೆಯವರಿಗೂ ಸ್ನಾನದೀಕ್ಷೆ ಕೊಡಿಸಿದರು. ಅಂದು ಆ ಬಾಗಿಲು ತೆರೆಯದಿದ್ದರೆ ನಾವು ನೀವು ಹೊರಗೇ ಇರುತ್ತಿದ್ದೆವು.

ಆರನೆಯ ಅಧ್ಯಾಯದ ಘಟನೆಯಂತೂ ನಮ್ಮ ಧರ್ಮಕೇಂದ್ರಗಳಲ್ಲಿ ನಿನ್ನೆ ಮೊನ್ನೆ ನಡೆದಂತಿದೆ. ಊಟ ಹಂಚುವಾಗ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಭಾಷೆಯವರು ಗೊಣಗಿದರು. ಭಾಷೆಯ ಜಗಳ, ಊಟದ ಜಗಳ! ಪ್ರೇಷಿತರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ. ತಾವೇ ಬಡಿಸಲು ನಿಲ್ಲಲೂ ಇಲ್ಲ. ನಿಮ್ಮಲ್ಲೇ ಏಳು ಜನರನ್ನು ಆರಿಸಿ ಎಂದರು. ಸ್ತೇಫನನಿಂದ ಹಿಡಿದು ಅಂತಿಯೋಕ್ಯದ ನಿಕೊಲಾಯನವರೆಗೆ ಆ ಏಳು ಹೆಸರುಗಳನ್ನು ಓದಿ ನೋಡಿ, ಎಲ್ಲವೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರ ಕೈಗೇ ಉಗ್ರಾಣದ ಬೀಗದ ಕೈ ಹೋಯಿತು ಎಂದು ತೋರುತ್ತದೆ. ನಮ್ಮ ಪಾಲನಾ ಸಮಿತಿಗಳಲ್ಲಿ ಲೆಕ್ಕ ಕೇಳಿದವನಿಗೆ ನಾವು ಏನು ಕೊಡುತ್ತೇವೆ? ತಲೆಹರಟೆ ಎಂಬ ಬಿರುದು ಕೊಡುತ್ತೇವೆ. ಪ್ರತಿಯೊಂದು ಧರ್ಮಕೇಂದ್ರದಲ್ಲೂ ಹಣಕಾಸಿನ ಸಮಿತಿ ಇರಲೇಬೇಕೆಂದು ಕಾನೂನು ಸಂಹಿತೆಯ 537ನೆಯ ಸೂತ್ರ ವಿಧಿಸಿದೆ. ಅದು ಹೆಸರಿಗೆ ಮಾತ್ರ ಇದ್ದರೆ ಇಲ್ಲದಂತೆಯೇ. ಹದಿನೈದು ವರ್ಷ ಒಂದೇ ಸಂಘದ ಅಧ್ಯಕ್ಷರಾಗಿ, ಬೇರೆ ಯಾರೂ ಮುಂದೆ ಬರುವುದಿಲ್ಲ ಸ್ವಾಮಿ ಎಂದು ದೂರುವವರನ್ನು ಕಂಡಿದ್ದೇನೆ. ಬರುವ ದಾರಿಯಲ್ಲಿ ಅವರೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ.

ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯನ್ನು ಈ ಮಾತಿನಲ್ಲಿ ನೀವು ನಿರೀಕ್ಷಿಸಿರಬಹುದು. ಅದರ ಬಗ್ಗೆ ನೂರು ಪ್ರಸಂಗ ಕೇಳಿದ್ದೀರಿ. ನಾನು ಒಂದೇ ಮಾತು ಹೇಳುತ್ತೇನೆ: ವರ್ಷಕ್ಕೊಮ್ಮೆ ಹನ್ನೆರಡು ಜನರ ಪಾದ ತೊಳೆಯುವುದು ನನಗೆ ಎಂದೂ ಕಷ್ಟವಾಗಿಲ್ಲ. ಅದೇ ಹನ್ನೆರಡು ಜನರಲ್ಲಿ ಒಬ್ಬರ ಕೈಗೆ ಕಾಣಿಕೆ ಡಬ್ಬಿಯ ಬೀಗದ ಕೈ ಕೊಡುವುದು ಬಹಳ ಕಷ್ಟವಾಯಿತು.

ಇದು ಕುಟುಂಬದ ಪುಟ, ಮನೆಯ ಮಾತನ್ನು ಬಿಡುವಂತಿಲ್ಲ. ಒಂದು ಮನೆಗೆ ಏಳನೆಯ ದಿನದ ಪ್ರಾರ್ಥನೆಗೆ ಹೋಗಿದ್ದೆ. ಮನೆಯ ಯಜಮಾನರು ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡಿದ್ದರು. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಒಂದು ಭಾನುವಾರವೂ ಬಲಿಪೂಜೆ ತಪ್ಪಿಸಿದವರಲ್ಲ, ಹೆಂಡತಿ ಮಕ್ಕಳಿಗೆ ಏನೂ ಕಡಿಮೆ ಮಾಡದವರು. ಪ್ರಾರ್ಥನೆ ಮುಗಿದ ಮೇಲೆ ಆ ತಾಯಿ ಒಂದು ಟ್ರಂಕನ್ನು ಮುಂದಿಟ್ಟುಕೊಂಡು ಕುಳಿತರು. "ಸ್ವಾಮಿ, ಯಾವ ಬ್ಯಾಂಕಿನಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಗೊತ್ತಿಲ್ಲ. ನಿನಗ್ಯಾಕೆ ತಲೆನೋವು, ನಾನಿದ್ದೀನಲ್ಲ ಅಂತಿದ್ರು," ಎಂದರು. ದೊಡ್ಡ ಮಗನಿಗೆ ಇಪ್ಪತ್ತೆರಡು ವರ್ಷ. ಅವನು ಒಮ್ಮೆಯೂ ಕರೆಂಟು ಬಿಲ್ಲು ಕಟ್ಟಿದವನಲ್ಲ. ಆ ದಿನದಿಂದ ಎರಡು ವರ್ಷ ಆ ತಾಯಿ ಕಚೇರಿಯಿಂದ ಕಚೇರಿಗೆ ಅಲೆದರು. ಪ್ರೀತಿಯಿಂದಲೇ ಎಲ್ಲವನ್ನೂ ಹೊತ್ತಿದ್ದ ಆ ಗೂಟ ಕಳಚಿ ಬಿದ್ದಾಗ ಬಟ್ಟಲು ಹೂಜಿ ಎಲ್ಲವೂ ಬಿದ್ದವು.

"ನಾನಿದ್ದೀನಲ್ಲ" ಎಂಬುದು ಎಷ್ಟು ಪ್ರೀತಿಯ ಮಾತು! ಎಷ್ಟು ಅಪಾಯದ ಮಾತು! ತಂದೆಯರೇ, ಇಂದು ರಾತ್ರಿ ಜಪಸರ ಮುಗಿದ ಮೇಲೆ ಟಿ.ವಿ. ಹಾಕುವ ಮುನ್ನ ಅರ್ಧ ಗಂಟೆ ಎಲ್ಲರನ್ನೂ ಕೂರಿಸಿಕೊಳ್ಳಿ. ಮನೆಯ ಪತ್ರ ಎಲ್ಲಿದೆ, ಸಾಲ ಎಷ್ಟಿದೆ, ಪಾಲಿಸಿ ಯಾರ ಹೆಸರಿನಲ್ಲಿದೆ ಎಂದು ಹೆಂಡತಿಗೆ ತೋರಿಸಿ. ಸಾಲವಿದ್ದರೆ ನಾಚಿಕೆ ಬೇಡ, ಮುಚ್ಚಿಟ್ಟ ಸಾಲಕ್ಕೇ ಬಡ್ಡಿ ಹೆಚ್ಚು. ತಾಯಂದಿರೇ, ನಿಮ್ಮನ್ನೂ ಬಿಡುವುದಿಲ್ಲ. ಸೊಸೆ ಬಂದು ಐದು ವರ್ಷವಾದರೂ ಒಗ್ಗರಣೆಗೆ ಎಷ್ಟು ಎಣ್ಣೆ ಎಂಬುದು ಇನ್ನೂ ನಿಮ್ಮ ಅಪ್ಪಣೆಯೇ? ಮಗಳು ಒಮ್ಮೆ ಸಾರು ಕೆಡಿಸಲಿ, ಮಗ ಒಮ್ಮೆ ಸಂತೆಯಲ್ಲಿ ಮೋಸ ಹೋಗಿ ಕೊಳೆತ ಬದನೆಕಾಯಿ ತರಲಿ. ಆ ದಿನ ಬೈಯದೆ ಉಣ್ಣುವುದೂ ಒಂದು ಬಗೆಯ ನಾಯಕತ್ವವೇ.

ಹಾಗೆಂದು ಎಲ್ಲವನ್ನೂ ಕೈಬಿಟ್ಟು ಕೂರುವುದು ದೊಡ್ಡತನ ಎಂದು ತಿಳಿಯಬೇಡಿ. ಮೋಶೆ ಬೆಟ್ಟದ ಮೇಲಿದ್ದಾಗ ಆರೋನ ಅದನ್ನೇ ಮಾಡಿದ. ಜನ ದೇವರನ್ನು ಮಾಡಿಕೊಡು ಎಂದರು, ಮಾಡಿಕೊಟ್ಟ. ಆಮೇಲೆ ಮೋಶೆ ಕೇಳಿದಾಗ ಅವನು ಹೇಳಿದ ಉತ್ತರ ಓದಿದರೆ ಇಂದಿಗೂ ನಗು ಬರುತ್ತದೆ: ಅವರು ಚಿನ್ನ ಕೊಟ್ಟರು, ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು! ತಾನೇ ಬಂತಂತೆ. ಸಮಿತಿಗೆ ಬಿಟ್ಟಿದ್ದೆ, ಅವರೇ ಹಾಗೆ ಮಾಡಿದರು. ಮಗನ ಇಷ್ಟಕ್ಕೆ ಬಿಟ್ಟಿದ್ದೆ, ಹಾಳಾದ ಎನ್ನುವವರು ಆರೋನನ ವಂಶದವರು. ಬೀಗದ ಕೈ ಕೊಟ್ಟ ಮೇಲೂ ಕಣ್ಣಿರಬೇಕು, ತಪ್ಪಾದಾಗ ನನ್ನ ತಪ್ಪು ಎನ್ನುವ ಬಾಯಿಯೂ ಇರಬೇಕು. ದೊಡ್ಡ ವಿಷಯ ಮೋಶೆಯ ಬಳಿಗೇ ಬರಬೇಕೆಂದು ಇತ್ರೋ ಹೇಳಿದ್ದನ್ನು ಮರೆಯಬಾರದು. ಹೀಗೆ ಕೊಡುವುದು, ತಾನೇ ಮಾಡುವುದಕ್ಕಿಂತ ಹೆಚ್ಚು ಕೆಲಸ.

ಮೋಶೆಯ ಕೊನೆಯ ದಿನಗಳು ನನಗೆ ಅವನ ಎಲ್ಲ ಅದ್ಭುತಗಳಿಗಿಂತ ದೊಡ್ಡದಾಗಿ ಕಾಣುತ್ತವೆ. ನಲವತ್ತು ವರ್ಷ ನಡೆದು ಬಂದ ಮೇಲೆ, ನೀನು ಆ ನಾಡಿಗೆ ಕಾಲಿಡುವುದಿಲ್ಲ ಎಂದು ದೇವರು ತಿಳಿಸುತ್ತಾರೆ. ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಮೋಶೆ ಕೇಳಿಕೊಳ್ಳುವುದು ಒಂದನ್ನೇ: ಈ ಜನ ಕುರುಬನಿಲ್ಲದ ಕುರಿಗಳಂತೆ ಆಗಬಾರದು, ಇವರಿಗೊಬ್ಬನನ್ನು ನೇಮಿಸಿ. ಅವನಿಗೆ ಗೇರ್ಷೋಮ, ಎಲಿಯೇಜರ ಎಂಬ ಇಬ್ಬರು ಗಂಡುಮಕ್ಕಳಿದ್ದರು. ಅವರ ಹೆಸರು ಅಲ್ಲಿ ಬರುವುದೇ ಇಲ್ಲ. ಬೇರೆ ಕುಲದ ಯೆಹೋಶುವನ ತಲೆಯ ಮೇಲೆ ಎಲ್ಲರೆದುರಿಗೆ ಕೈಯಿಟ್ಟು ಅಧಿಕಾರ ಒಪ್ಪಿಸುತ್ತಾನೆ. ಆಮೇಲೆ ಬೆಟ್ಟ ಹತ್ತಿ ದೂರದಿಂದ ನಾಡನ್ನು ನೋಡಿ ಕಣ್ಣು ಮುಚ್ಚುತ್ತಾನೆ. ಅವನ ಸಮಾಧಿ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ ಎನ್ನುತ್ತದೆ ಧರ್ಮೋಪದೇಶಕಾಂಡ. ಬಂಡೆ ಕೊರೆಸಿದ ಶೆಬ್ನನ ನೆನಪಾಗುವುದಿಲ್ಲವೇ?

ನಮ್ಮ ಕಾಲದಲ್ಲಿಯೂ ಇಂಥದ್ದೊಂದನ್ನು ಕಂಡೆವು. 2013ರ ಫೆಬ್ರವರಿ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು, ವಯಸ್ಸಾದ ನನ್ನ ಶಕ್ತಿ ಈ ಸೇವೆಗೆ ಸಾಲದು ಎಂದು ಲತೀನ್ ಭಾಷೆಯಲ್ಲಿ ಮೆಲ್ಲಗೆ ಓದಿ ಹೇಳಿದರು. 1415ರಲ್ಲಿ ಹನ್ನೆರಡನೆಯ ಗ್ರೆಗೊರಿಯವರು ಪದವಿ ಬಿಟ್ಟ ಮೇಲೆ ಸುಮಾರು ಆರುನೂರು ವರ್ಷ ಯಾವ ಜಗದ್ಗುರುವೂ ಹಾಗೆ ಮಾಡಿರಲಿಲ್ಲ. ಅದೇ ತಿಂಗಳ 28ರಂದು ಪೇತ್ರರ ಬೀಗದ ಕೈಗಳನ್ನು ಕೆಳಗಿಟ್ಟು ಹೊರಟರು. 2022ರ ಡಿಸೆಂಬರ್ 31ರಂದು ತೀರಿಕೊಳ್ಳುವವರೆಗೆ ಪ್ರಾರ್ಥನೆಯಲ್ಲಿ ಕಳೆದರು. ಕಾಯಿಲೆಯ ನಡುವೆಯೂ ಕೊನೆಯ ಉಸಿರಿನವರೆಗೆ ಆ ಭಾರವನ್ನು ಹೊತ್ತ ಸಂತ ಎರಡನೆಯ ಜಾನ್ ಪೌಲರನ್ನೂ ನಾವು ಬಲ್ಲೆವು. ಒಬ್ಬರು ಹೊತ್ತು ತೋರಿಸಿದರು, ಒಬ್ಬರು ಇಳಿಸಿ ತೋರಿಸಿದರು. ಇಬ್ಬರೂ ದೇವರ ಮುಂದೆ ಮೊಣಕಾಲೂರಿಯೇ ಆ ನಿರ್ಧಾರಕ್ಕೆ ಬಂದರೆಂಬುದು ನನ್ನ ನಂಬಿಕೆ. ನಮ್ಮ ಬಹುಪಾಲು ಕುರ್ಚಿಗಳ ವಿಷಯದಲ್ಲಿ ಆ ಮೊಣಕಾಲೂರುವುದೇ ನಡೆಯುವುದಿಲ್ಲ.

ಉಪದೇಶಿಗಳ ಕೈಗೆ ನಾನು ಗೊಂಚಲನ್ನು ಕೊಟ್ಟದ್ದು ಆ ಶವಸಂಸ್ಕಾರದ ನಂತರದ ಭಾನುವಾರ, ಬಲಿಪೂಜೆಯ ಕೊನೆಯಲ್ಲಿ, ಜನರೆದುರಿಗೆ. ತೀರಿಕೊಂಡವರ ಮನೆಯವರು ಮುಂದಿನ ಬೆಂಚಿನಲ್ಲಿದ್ದರು. ಅವರ ಕ್ಷಮೆ ಕೇಳಿದೆ. ಉಪದೇಶಿಗಳ ಕೈ ನಡುಗುತ್ತಿತ್ತು. ಹದಿನೇಳರಲ್ಲಿ ಒಂದನ್ನೂ ಅವರು ಎಲ್ಲಿಯೂ ಮರೆತು ಇಡಲಿಲ್ಲ. ನಾನೇ ಮುಂದೆ ಒಮ್ಮೆ ಪಂಪ್‌ಸೆಟ್ಟಿನ ಕೋಣೆಯದನ್ನು ಕಳೆದೆ.

ಆ ಊರಿನಿಂದ ವರ್ಗವಾಗಿ ಬಹಳ ವರ್ಷಗಳಾದ ಮೇಲೆ, ಆ ದಾರಿಯಲ್ಲಿ ಹೋಗುವಾಗ ಒಂದು ಮಧ್ಯಾಹ್ನ ಅಲ್ಲಿ ಇಳಿದೆ. ಉಪದೇಶಿಗಳು ಆಗಲೇ ದೇವರ ಪಾದ ಸೇರಿದ್ದರು. ಧರ್ಮಗುರುಗಳು ಹಳ್ಳಿಯ ಕಡೆ ಹೋಗಿದ್ದರು. ನಾನು ನಿಲುವಂಗಿ ಹಾಕಿರಲಿಲ್ಲ. ದೇವಾಲಯದ ಅಂಗಳ ಗುಡಿಸುತ್ತಿದ್ದ ಕಾಲೇಜು ವಯಸ್ಸಿನ ಹುಡುಗಿಯೊಬ್ಬಳು ಪೊರಕೆ ಕೆಳಗಿಟ್ಟು ಬಂದು, "ಯಾರು ಬೇಕಾಗಿತ್ತು ಅಂಕಲ್?" ಎಂದಳು. ಸ್ವಲ್ಪ ಹೊತ್ತು ಪ್ರಾರ್ಥನೆ ಮಾಡಬೇಕಿತ್ತಮ್ಮಾ ಎಂದೆ. ನಾನು ಯಾರು ಏನು ಎಂದು ಅವಳು ಕೇಳಲಿಲ್ಲ. ದುಪಟ್ಟಾದ ತುದಿಯಲ್ಲಿ ಕಟ್ಟಿಕೊಂಡಿದ್ದ ಬೀಗದ ಕೈ ಬಿಚ್ಚಿ ಬಾಗಿಲು ತೆಗೆದು, ಒಳಗೆ ಹೋಗಿ ಫ್ಯಾನು ಹಾಕಿ, ಮತ್ತೆ ಗುಡಿಸಲು ಹೊರಟಳು.